ಕೆಚ್ಚಲು ಬಾವಿನ ಆಕಳು: ರಕ್ತದ ಬಿಳಿ ಕಣ ಮೊದಲು ಇಳಿದು ಆಮೇಲೆ ಏರಿದ್ದೇಕೆ?

ಪ್ರಶ್ನೆ: ಸಾಹೇಬ್ರ, ನಮ್ಮದು ಸವಣೂರು ತಾಲ್ಲೂಕು. ಮನಿಯಾಗ ಎರಡು ಎಚ್‌ಎಫ್ ಕ್ರಾಸ್ ಆಕಳ, ಒಂದು ಧಾರವಾಡಿ ಎಮ್ಮಿ, ಒಂದ್ ಜೋಡಿ ಕಿಲಾರಿ ಎತ್ತು ಅದಾವ. ದೊಡ್ಡ ಆಕಳ ಮೂರನೇ ಸೂಲು ಈದು ಒಂಬತ್ತು ದಿನಕ್ಕ ಹಿಂದಿನ ಎಡ ಮೊಲಿ ಕಲ್ಲಾತು, ಹಾಲು ನೀರಿನಂಗ ಬಂತು, ಜ್ವರ 105 ಇತ್ತು. ಅವತ್ತೇ ಪ್ಯಾಟ್ಯಾಗ ಮನುಷ್ಯಾರ ರಕ್ತ ನೋಡೋ ಲ್ಯಾಬಿನಾಗ ತೋರಿಸಿದ್ವಿ. ಬಿಳಿ ಕಣ 2,900, ನ್ಯೂಟ್ರೋಫಿಲ್ 24, ಲಿಂಫೋಸೈಟ್ 68 ಅಂತ ಬಂತು. ಲಿಂಫೋಸೈಟಿನ ಮುಂದ 'ಹೆಚ್ಚು' ಅಂತ ಬರದಿತ್ತು. 'ಸೋಂಕಿದ್ರ ಬಿಳಿ ಕಣ ಏರಬೇಕು, ಇದು ಸೋಂಕಲ್ಲ, ರಕ್ತದಾಗ ಶಕ್ತಿ ಇಲ್ಲ' ಅಂದ್ರು. ನಮ್ಮ ಊರ ಡಾಕ್ಟ್ರು ಅದನ್ನ ಒಪ್ಪಲಿಲ್ಲ, ಆ್ಯಂಟಿಬಯಾಟಿಕ್, ಬಾವಿನ ಇಂಜೆಕ್ಷನ್ ಶುರು ಮಾಡಿದ್ರು. ಐದನೇ ದಿನ ಪಶು ಆಸ್ಪತ್ರ್ಯಾಗ ಮತ್ತ ನೋಡಿದ್ರ 14,800 ಆಗೇತಿ. ನ್ಯೂಟ್ರೋಫಿಲ್ 61, ಅದರಾಗ ಬ್ಯಾಂಡ್ 6, ಲಿಂಫೋಸೈಟ್ 33. ಆಕಳ ಈಗ ಮೇವು ಮುಟ್ಟತೈತಿ, ಜ್ವರ 102.8ಕ್ಕ ಇಳದೈತಿ. ಆದ್ರ ಕಣ ಐದು ಪಟ್ಟು ಏರ್ಯಾವ, ರಕ್ತದ ಕ್ಯಾನ್ಸರ್ ಇರಬಹುದು ಅಂತ ಮನಿಯಾಗ ಎಲ್ಲಾರೂ ಅಂಜ್ಯಾರ. ಬಾಜೂ ಮನಿಯವರು ಸ್ಟೀರಾಯ್ಡ್ ಹಾಕಿಸ್ರಿ ಅಂತಾರ. ಅಂಗಡಿಯವರು ರೋಗನಿರೋಧಕ ಶಕ್ತಿ ಏರಿಸೋ ಪೌಡರ್ ಕೊಡ್ತೀನಿ ಅಂತಾರ. ಮುಂದಿನ ವಾರ ಕಾಲುಬಾಯಿ ಬ್ಯಾನಿ ಲಸಿಕಿ ಹಾಕಾಕ ಬರ್ತಾರ, ಹಾಕಿಸ್ಲೋ ಬ್ಯಾಡೋ? ಕರುವಿಗೆ ಇದರ ಹಾಲು ಕುಡಿಸಬಹುದಾ?

ಉತ್ತರ: ಅಂಜಬೇಡಿ. ನೀವು ಬರೆದ ಎರಡು ವರದಿಗಳು ಎರಡು ರೋಗಗಳಲ್ಲ, ಒಂದೇ ರೋಗದ ಮೊದಲ ದಿನ ಮತ್ತು ಐದನೇ ದಿನ. ಮೊದಲ ದಿನ ಕಣ ಇಳಿದದ್ದೂ ಐದನೇ ದಿನ ಏರಿದ್ದೂ ತೀವ್ರ ಕೆಚ್ಚಲು ಬಾವಿನಲ್ಲಿ ದನದ ದೇಹ ನಡೆದುಕೊಳ್ಳುವ ರೀತಿಯೇ. ನಿಮ್ಮ ಊರಿನ ಡಾಕ್ಟರು ಮೊದಲ ವರದಿಯನ್ನು ನಂಬದೆ ಆಕಳನ್ನೇ ನೋಡಿ ಚಿಕಿತ್ಸೆ ಶುರು ಮಾಡಿದ್ದು ಸರಿ. ಆ ದಿನ 'ಸೋಂಕಲ್ಲ' ಎಂದು ಕೈಕಟ್ಟಿ ಕೂತಿದ್ದರೆ ಮೊಲೆಯಷ್ಟೇ ಅಲ್ಲ, ಆಕಳೇ ಕೈಬಿಡುವ ಸಂಭವವಿತ್ತು.

ಗೊಂದಲ ಹುಟ್ಟಿದ್ದು ಲ್ಯಾಬಿನ ಫಾರಂನಲ್ಲಿ. ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಎಂದರೆ ಬ್ಯಾಕ್ಟೀರಿಯಾ ನುಂಗುವಂಥದು, ಲಿಂಫೋಸೈಟ್ ಎಂದರೆ ನಿಧಾನವಾಗಿ ಎದ್ದು ಪ್ರತಿಕಾಯ ತಯಾರಿಸುವ ಕೆಲಸದ್ದು. ಮನುಷ್ಯರ ರಕ್ತದಲ್ಲಿ ನ್ಯೂಟ್ರೋಫಿಲ್ ಹೆಚ್ಚು, ಲಿಂಫೋಸೈಟ್ ಕಡಿಮೆ. ದನಗಳಲ್ಲಿ ಇದು ಉಲ್ಟಾ. ಆರೋಗ್ಯವಂತ ಆಕಳಿನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 4,000ದಿಂದ 12,000 ಬಿಳಿ ಕಣ ಇರುತ್ತವೆ. ಅದರಲ್ಲಿ ಲಿಂಫೋಸೈಟ್ ಶೇ 45ರಿಂದ 75, ನ್ಯೂಟ್ರೋಫಿಲ್ ಶೇ 15ರಿಂದ 45. ನಿಮ್ಮ ಆಕಳಿನ 68ರ ಮುಂದೆ 'ಹೆಚ್ಚು' ಎಂದು ಬಿದ್ದದ್ದು ಯಂತ್ರ ಮನುಷ್ಯರ ಮಿತಿ ಇಟ್ಟುಕೊಂಡು ಅಳೆದದ್ದರಿಂದ. ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು: ಶೇಕಡಾವಾರನ್ನಷ್ಟೇ ನೋಡಿದ್ದು. 2,900ರಲ್ಲಿ ಶೇ 68 ಅಂದರೆ 1,972 ಲಿಂಫೋಸೈಟ್. ದನಕ್ಕೆ ಕನಿಷ್ಠ 2,500 ಇರಬೇಕು. ಅಂದರೆ 'ಹೆಚ್ಚು' ಎಂದು ಬರೆದ ಜಾಗದಲ್ಲಿ ನಿಜವಾಗಿ ಇದ್ದದ್ದು ಕೊರತೆ. 2,900ರಲ್ಲಿ ಶೇ 24 ಅಂದರೆ 696 ನ್ಯೂಟ್ರೋಫಿಲ್. ಕೆಳಗಿನ ಮಿತಿ 600, ಹಾಗಾಗಿ ಅಂಚಿಗೆ ಬಂದು ನಿಂತಿತ್ತು. ಇನ್ನು ಮುಂದೆ ಯಾವ ವರದಿ ಬಂದರೂ ಒಟ್ಟು ಸಂಖ್ಯೆಯನ್ನು ಶೇಕಡಾವಾರಿನಿಂದ ಗುಣಿಸಿ ನೂರರಿಂದ ಭಾಗಿಸಿ. ಆ ಅಂಕಿಯನ್ನು ದನದ ಮಿತಿಯ ಜೊತೆ ಹೋಲಿಸಿ ನೋಡಿ. ದನದ ಕೆಂಪು ಕಣಗಳು ಮನುಷ್ಯರವಕ್ಕಿಂತ ಸಣ್ಣವು, ಮನುಷ್ಯರಿಗೆಂದು ಹೊಂದಿಸಿದ ಯಂತ್ರ ಅಲ್ಲೂ ಎಡವುತ್ತದೆ. ಹಾಗಾಗಿ ದನದ ರಕ್ತಕ್ಕೆ ಗಾಜಿನ ಪಟ್ಟಿಯ ಮೇಲೆ ಲೇಪಿಸಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಎಣಿಸಿದ ಲೆಕ್ಕವೇ ಭರವಸೆಯದು.

ಕಣಗಳು ಎಲ್ಲಿಗೆ ಹೋದವು?

ಹೊಲದ ಬಣವೆಗೆ ಬೆಂಕಿ ಬಿದ್ದರೆ ಊರ ಓಣಿಯಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಕೊಡ ಹಿಡಿದು ಹೊಲಕ್ಕೆ ಓಡಿರುತ್ತಾರೆ. ಆ ಹೊತ್ತಿನಲ್ಲಿ ಓಣಿಯಲ್ಲಿ ತಲೆ ಎಣಿಸಿ 'ಈ ಊರಿನಲ್ಲಿ ಜನವೇ ಇಲ್ಲ' ಎನ್ನಲಾಗದು. ರಕ್ತ ಬಿಳಿ ಕಣಗಳ ಓಣಿ, ಮನೆಯಲ್ಲ. ರಕ್ತದ ಎಣಿಕೆ ಹೇಳುವುದು ಆ ಗಳಿಗೆಯಲ್ಲಿ ದಾರಿಯ ಮೇಲೆ ಇರುವವರ ಲೆಕ್ಕ ಮಾತ್ರ.

ನಿಮ್ಮ ಆಕಳಿನದೇ ಲೆಕ್ಕ ಹಾಕೋಣ. ಸುಮಾರು 450 ಕೆಜಿ ತೂಗುವ ಆಕಳಿನಲ್ಲಿ 25 ಲೀಟರ್ ಆಸುಪಾಸು ರಕ್ತ ಇರುತ್ತದೆ. ಒಂದು ಘನ ಮಿಲಿಮೀಟರಿಗೆ 2,000 ನ್ಯೂಟ್ರೋಫಿಲ್ ಹಿಡಿದರೆ ಇಡೀ ರಕ್ತದಲ್ಲಿ 5,000 ಕೋಟಿ. ಈಗ ಕೆಚ್ಚಲಿಗೆ ಬನ್ನಿ. ಆರೋಗ್ಯವಂತ ಮೊಲೆಯ ಒಂದು ಮಿ.ಲೀ. ಹಾಲಿನಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಕಣ ಇರುತ್ತವೆ. ಎರಡು ಲಕ್ಷ ದಾಟಿದರೆ ಸೋಂಕಿದೆ ಎಂದು ಹಿಡಿಯುತ್ತೇವೆ. ಬಾವು ತೀವ್ರವಾದಾಗ ಒಂದು ಮಿ.ಲೀ.ಗೆ ಕೋಟಿ ಮುಟ್ಟುವುದೂ ಉಂಟು, ಅದರಲ್ಲಿ ಹತ್ತರಲ್ಲಿ ಒಂಬತ್ತು ನ್ಯೂಟ್ರೋಫಿಲ್‌ಗಳೇ. ಅಂಥ ಹಾಲು 5 ಲೀಟರ್ ಬಂದರೆ ಅದರಲ್ಲಿ ಇರುವ ಕಣ 5,000 ಕೋಟಿ. ಇಡೀ ದೇಹದ ರಕ್ತದಲ್ಲಿ ಓಡಾಡುವಷ್ಟು ಪಡೆ ಒಂದೇ ಮೊಲೆಯೊಳಗೆ ಇಳಿದು ಹೋದಂತೆ. ನೀವು ಹಿಂಡಿ ಚೆಲ್ಲುವ ಆ ನೀರು ಹಾಲಿನ ಹರಳುಗಳಲ್ಲಿ ಸತ್ತ ನ್ಯೂಟ್ರೋಫಿಲ್‌ಗಳು ತುಂಬಿರುತ್ತವೆ.

ಹೋದವರ ಜಾಗ ತುಂಬಲು ಮೂಳೆಯ ಮಜ್ಜೆಯಿಂದ ಹೊಸ ಕಣ ಬರಬೇಕು. ಇಲ್ಲಿ ದನಕ್ಕೂ ನಾಯಿಗೂ ದೊಡ್ಡ ವ್ಯತ್ಯಾಸವಿದೆ. ನಾಯಿಯ ಮಜ್ಜೆಯಲ್ಲಿ ಸಿದ್ಧ ನ್ಯೂಟ್ರೋಫಿಲ್‌ಗಳ ದೊಡ್ಡ ಹಗೇವು ಇರುತ್ತದೆ. ಸೋಂಕು ಬಂದ ಕೂಡಲೇ ಬಾಯಿ ತೆರೆದು ಸುರಿಯುತ್ತದೆ, ಎಣಿಕೆ ಅಂದೇ ಏರುತ್ತದೆ. ದನದ ಹಗೇವು ಸಣ್ಣದು, ಒಂದು ದಿನದೊಳಗೆ ಬರಿದಾಗುತ್ತದೆ. ಹೊಸ ಬೆಳೆ ಬಂದು ತುಂಬಲು ಮೂರರಿಂದ ಐದು ದಿನ ಬೇಕು. ಅದಕ್ಕೇ ದನದಲ್ಲಿ ತೀವ್ರ ಸೋಂಕಿನ ಮೊದಲ 24ರಿಂದ 48 ಗಂಟೆ ಬಿಳಿ ಕಣ ಇಳಿಯುತ್ತದೆ, ಆಮೇಲೆ ಏರುತ್ತದೆ. ನಿಮ್ಮ ಎರಡನೇ ವರದಿಯ 14,800 ಆ ಹೊಸ ಬೆಳೆ. ಬ್ಯಾಂಡ್ ಎಂದರೆ ಪೂರ್ತಿ ಬಲಿಯದ ಎಳೆ ನ್ಯೂಟ್ರೋಫಿಲ್. ನಿಮ್ಮಲ್ಲಿ ಅದು 888, ಬಲಿತ ನ್ಯೂಟ್ರೋಫಿಲ್ 8,140. ಬಲಿತವು ಎಳೆಯವಕ್ಕಿಂತ ಬಹಳ ಹೆಚ್ಚಿರುವುದು ಮಜ್ಜೆ ಸಾವರಿಸಿಕೊಂಡಿದೆ ಎಂಬುದರ ಗುರುತು. ಒಟ್ಟು ಎಣಿಕೆ ಕಡಿಮೆ ಇದ್ದು, ಎಳೆಯವೇ ಬಲಿತವನ್ನು ಮೀರಿದ್ದರೆ ಆಗ ನಾನೂ ಚಿಂತಿಸುತ್ತಿದ್ದೆ.

ಕ್ಯಾನ್ಸರಿನ ಮಾತು. ದನಗಳಲ್ಲಿ ಲ್ಯೂಕೇಮಿಯಾ ವೈರಸ್ ಎಂಬುದಿದೆ. ಅದರಲ್ಲಿ ಏರುವುದು ಲಿಂಫೋಸೈಟ್, ಅದೂ ತಿಂಗಳುಗಟ್ಟಲೆ ಏರಿಯೇ ಇರುತ್ತದೆ. ನಿಮ್ಮ ಆಕಳಿನ ಲಿಂಫೋಸೈಟ್ ಈಗ 4,884, ಸಹಜ ಮಿತಿಯೊಳಗೇ ಇದೆ.

ಒಂದು ಕಣ ಎಚ್ಚೆತ್ತುಕೊಳ್ಳುವ ಬಗೆ

ಸ್ಟೀರಾಯ್ಡ್, ಪೌಡರ್, ಲಸಿಕೆ ಮೂರಕ್ಕೂ ಉತ್ತರ ಸಿಗುವುದು ಇಲ್ಲಿಯೇ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಈದ ಹೊಸತರಲ್ಲಿ ಬರುವ ನೀರು ಹಾಲಿನ ಬಾವಿಗೆ ಬಹುತೇಕ ಕಾರಣ ಇ. ಕೋಲಿ ಜಾತಿಯ ಬ್ಯಾಕ್ಟೀರಿಯಾ. ಸಗಣಿಯಿಂದ ಮೊಲೆಯ ತುದಿಗೆ, ಅಲ್ಲಿಂದ ಒಳಗೆ. ಇದರ ಹೊರಗೋಡೆಯಲ್ಲಿ ಎಂಡೋಟಾಕ್ಸಿನ್ ಎಂಬ ವಿಷ ಇರುತ್ತದೆ. ಕೆಚ್ಚಲಿನ ಒಳಪದರದ ಕೋಶಗಳೂ ಹಾಲಿನಲ್ಲಿ ಕಾವಲು ತಿರುಗುವ ಮ್ಯಾಕ್ರೋಫೇಜ್ ಎಂಬ ಬಿಳಿ ಕಣಗಳೂ ತಮ್ಮ ಮೈಮೇಲಿನ ಟಿಎಲ್‌ಆರ್-4 ಎಂಬ ಗ್ರಾಹಿಯಿಂದ ಆ ವಿಷವನ್ನು ಗುರುತಿಸುತ್ತವೆ. ಗುರುತು ಸಿಕ್ಕ ಕೆಲವೇ ಗಂಟೆಗಳಲ್ಲಿ ಟಿಎನ್‌ಎಫ್, ಇಂಟರ್‌ಲ್ಯೂಕಿನ್-1, 6, 8 ಎಂಬ ರಾಸಾಯನಿಕ ಸುದ್ದಿಗಳು ಹೊರಡುತ್ತವೆ. ಮೊದಲಿನವು ಮಿದುಳಿಗೆ ಮುಟ್ಟಿ ಜ್ವರ ಏರಿಸುತ್ತವೆ, ಮೇವು ಬಿಡಿಸುತ್ತವೆ. 8ನೆಯದು ನ್ಯೂಟ್ರೋಫಿಲ್‌ಗಳಿಗೆ ದಾರಿ ತೋರಿಸುತ್ತದೆ.

ನ್ಯೂಟ್ರೋಫಿಲ್ ರಕ್ತದಲ್ಲಿ ಇರುವುದು ಕೆಲವೇ ಗಂಟೆ, ಅಂಗಾಂಶಕ್ಕೆ ಇಳಿದ ಮೇಲೆ ಒಂದೆರಡು ದಿನ. ಅದು ಹರಿಯುವಾಗ ಎಲ್-ಸೆಲೆಕ್ಟಿನ್ ಎಂಬ ಕೊಂಡಿಗಳಿಂದ ರಕ್ತನಾಳದ ಗೋಡೆಯನ್ನು ಆಗಾಗ ತಡವುತ್ತಾ ಉರುಳುತ್ತಿರುತ್ತದೆ. ಬಾವಿರುವ ಜಾಗದಲ್ಲಿ ಗೋಡೆಯೂ ಹಿಡಿಕೆ ಹೊರಚಾಚುತ್ತದೆ. ಆಗ ಉರುಳುವ ವೇಗ ತಗ್ಗುತ್ತದೆ. ಇಂಟರ್‌ಲ್ಯೂಕಿನ್-8 ತಾಗಿದ ಕೂಡಲೇ ನ್ಯೂಟ್ರೋಫಿಲ್ ಎಲ್-ಸೆಲೆಕ್ಟಿನ್ ಕಳಚಿ, ಸಿಡಿ-18 ಇರುವ ಗಟ್ಟಿ ಕೊಂಡಿಗಳಿಂದ ಗೋಡೆಗೆ ಅಂಟಿಕೊಳ್ಳುತ್ತದೆ, ಗೋಡೆಯ ಕೋಶಗಳ ಸಂದಿಯಿಂದ ನುಸುಳಿ ಹೊರಬರುತ್ತದೆ. ಎಚ್ಚೆತ್ತುಕೊಂಡಿತು ಎಂದು ನಾವು ಹೇಳುವುದು ಈ ಬದಲಾವಣೆಗೆ. ಈ ಸಿಡಿ-18 ಎಷ್ಟು ಮುಖ್ಯ ಎಂಬುದಕ್ಕೆ ಹೋಲ್‌ಸ್ಟೀನ್ (ಎಚ್‌ಎಫ್) ತಳಿಯ ಒಂದು ಆನುವಂಶಿಕ ರೋಗವೇ ಸಾಕ್ಷಿ. ಬಿಎಲ್‌ಎಡಿ ಎಂದು ಅದರ ಹೆಸರು. ಅಂಥ ಕರುವಿನ ರಕ್ತದಲ್ಲಿ ನ್ಯೂಟ್ರೋಫಿಲ್ ವಿಪರೀತ ಇರುತ್ತವೆ, ಗೋಡೆಗೆ ಅಂಟಲು ಬಾರದೆ ಬಹುತೇಕ ಹೊರಗಿಳಿಯುವುದಿಲ್ಲ; ಬಾಯಿಹುಣ್ಣು, ನ್ಯುಮೋನಿಯಾ ಎಂದು ಕರು ಸಾಯುತ್ತದೆ. ಅದಕ್ಕೇ ನಮ್ಮ ದೇಶದ ವೀರ್ಯ ಕೇಂದ್ರಗಳಲ್ಲಿ ಹೋರಿಗಳಿಗೆ ಈ ದೋಷದ ಪರೀಕ್ಷೆ ಕಡ್ಡಾಯ. ಎಣಿಕೆ ಹೆಚ್ಚಿದ್ದ ಮಾತ್ರಕ್ಕೆ ರಕ್ಷಣೆ ಇದೆ ಎಂದಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಹಾಲಿಗೆ ಇಳಿದ ನ್ಯೂಟ್ರೋಫಿಲ್ ಬ್ಯಾಕ್ಟೀರಿಯಾವನ್ನು ನುಂಗುತ್ತದೆ. ನುಂಗಿ ಆಮ್ಲಜನಕದಿಂದ ಹೈಡ್ರೋಜನ್ ಪೆರಾಕ್ಸೈಡಿನಂಥ ಉರಿವಸ್ತುಗಳನ್ನು ತಯಾರಿಸಿ ಒಳಗೇ ಕೊಲ್ಲುತ್ತದೆ. ದನದ ನ್ಯೂಟ್ರೋಫಿಲ್‌ಗೆ ಇನ್ನೊಂದು ವಿಶೇಷವಿದೆ: ಮನುಷ್ಯರಲ್ಲಿ ಇಲ್ಲದ ಒಂದು ಜಾತಿಯ ದೊಡ್ಡ ಕಣಕೋಶಗಳು ಅದರೊಳಗೆ ಇದ್ದು, ಅವುಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನುಗಳು ತುಂಬಿರುತ್ತವೆ. ತೊಂದರೆ ಎಂದರೆ ಹಾಲಿನಲ್ಲಿ ಅದು ಬೆಣ್ಣೆಯ ಹನಿಗಳನ್ನೂ ಕೇಸಿನ್ ಎಂಬ ಹಾಲಿನ ಪ್ರೋಟೀನನ್ನೂ ನುಂಗಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಕುಗ್ಗುತ್ತದೆ. ರಕ್ತದಲ್ಲಿ ಚುರುಕಾಗಿದ್ದ ಕಣ ಕೆಚ್ಚಲೊಳಗೆ ಅರ್ಧ ಸೋಮಾರಿಯಾಗುವುದು ಹೀಗೆ. ನಿಂತ ಹಾಲನ್ನು ಹಿಂಡಿ ತೆಗೆಯಿರಿ ಎನ್ನುವುದಕ್ಕೆ ಇದೂ ಒಂದು ಕಾರಣ. ಆದರೆ ಬರೀ ಹಿಂಡುವುದರಿಂದಲೇ ಬಾವು ವಾಸಿಯಾಗುತ್ತದೆ ಎಂದು ನಂಬಬೇಡಿ.

ಈ ಇಡೀ ಕೆಲಸಕ್ಕೆ ಉರವಲು ಬೇಕು. ಎಚ್ಚೆತ್ತ ಬಿಳಿ ಕಣಗಳು ಕೊಬ್ಬನ್ನು ಬಿಟ್ಟು ಸಕ್ಕರೆಯನ್ನೇ ಸುಡಲು ತೊಡಗುತ್ತವೆ. ಎಂಡೋಟಾಕ್ಸಿನ್ ತಾಗಿದ ಹಾಲು ಕರೆಯುವ ಆಕಳಿನ ರೋಗನಿರೋಧಕ ವ್ಯವಸ್ಥೆ 12 ಗಂಟೆಯಲ್ಲಿ ಒಂದು ಕಿಲೋಗೂ ಮಿಕ್ಕಿ ಗ್ಲೂಕೋಸ್ ಖರ್ಚು ಮಾಡುತ್ತದೆ ಎಂದು ಅಳೆದು ನೋಡಿದ್ದಾರೆ. ಹಾಲಿನ ಸಕ್ಕರೆ ತಯಾರಾಗುವುದೂ ಅದೇ ಗ್ಲೂಕೋಸಿನಿಂದ. ಹಾಗಾಗಿ ಬಾವು ಒಂದೇ ಮೊಲೆಗೆ ಬಂದರೂ ನಾಲ್ಕೂ ಮೊಲೆಯ ಹಾಲು ಇಳಿಯುತ್ತದೆ. 'ಹಾಲು ಇಳಿಯಿತು, ಬೆಲ್ಲ ತಿನ್ನಿಸೋಣ' ಎಂದು ನಮ್ಮಲ್ಲಿ ಕಿಲೋಗಟ್ಟಲೆ ಹಾಕುತ್ತಾರೆ. ಹಾಕಬೇಡಿ. ಬೆಲ್ಲ ದೊಡ್ಡ ಹೊಟ್ಟೆಯಲ್ಲೇ ಹುದುಗಿ ಹುಳಿಯಾಗುತ್ತದೆ, ಸಕ್ಕರೆಯಾಗಿ ರಕ್ತಕ್ಕೆ ಸೇರುವುದಿಲ್ಲ. ಮೊದಲೇ ಮೇವು ಬಿಟ್ಟ ಆಕಳಿಗೆ ಹೊಟ್ಟೆ ಕೆಡುವುದೊಂದು ಹೆಚ್ಚಿನ ಕಷ್ಟ. ಗ್ಲೂಕೋಸ್ ಸಾಲದೆ ಮೈಕೊಬ್ಬು ಕರಗಿ ಬರುವ ಕೀಟೋಸಿಸ್ ಎಂಬ ರೋಗ ಇದ್ದರೆ ಪ್ರೊಪಿಲಿನ್ ಗ್ಲೈಕಾಲ್ 300 ಮಿ.ಲೀ. ದಿನಕ್ಕೊಮ್ಮೆ ಐದು ದಿನ ಕುಡಿಸುವುದು ಅದಕ್ಕೆ ತಕ್ಕ ಮದ್ದು.

ಕ್ಯಾಲ್ಸಿಯಂ ಇನ್ನೊಂದು. ಬಿಳಿ ಕಣ ಸುದ್ದಿ ಕೇಳಿ ಎಚ್ಚರಗೊಳ್ಳುವಾಗ ಮೊದಲು ಆಗುವುದು ಕಣದೊಳಗೆ ಕ್ಯಾಲ್ಸಿಯಂ ಏರುವುದು. ಈದ ಮೊದಲ ದಿನಗಳಲ್ಲಿ ಕ್ಯಾಲ್ಸಿಯಂ ಹಾಲಿಗೆ ಹರಿದು ರಕ್ತದಲ್ಲಿ ಕುಗ್ಗಿದಾಗ ಕಣದೊಳಗಿನ ದಾಸ್ತಾನೂ ಕುಗ್ಗುತ್ತದೆ, ಆ ಸಂಕೇತ ಮಂಕಾಗುತ್ತದೆ. ಹಾಲುಜ್ವರ ಬಂದ ಆಕಳಿಗೆ ಕೆಚ್ಚಲು ಬಾವು, ಮಾಸು ಬೀಳದಿರುವುದು ಹೆಚ್ಚು ಎಂದು ನೀವೂ ನೋಡಿರಬಹುದು. ಒಂದು ಕಾರಣ ಇದು. ಬಾಯಿಯ ಮೂಲಕ ಕ್ಯಾಲ್ಸಿಯಂ ಜೆಲ್ ಕೊಡಬಹುದು, ಆಕಳು ಸರಿಯಾಗಿ ನುಂಗುತ್ತಿರಬೇಕು. ಆದರೆ ವಿಷವೇರಿದ ಆಕಳಿಗೆ ನರಕ್ಕೆ ಕ್ಯಾಲ್ಸಿಯಂ ಬೇಗ ಬಿಟ್ಟರೆ ಹೃದಯ ನಿಲ್ಲಬಹುದು. ಅದನ್ನು ಡಾಕ್ಟರೇ ಎದೆಬಡಿತ ಕೇಳುತ್ತಾ ನಿಧಾನವಾಗಿ ಕೊಡಬೇಕು. ಬಾಟಲಿ ನೇತುಹಾಕಿ ಹೋಗುವ ಕೆಲಸವಲ್ಲ.

ಲಿಂಫೋಸೈಟ್‌ಗಳ ಎಚ್ಚರ ಬೇರೆ ತರಹ, ನಿಧಾನದ್ದು. ಬ್ಯಾಕ್ಟೀರಿಯಾದ ತುಣುಕನ್ನು ಹೊತ್ತ ಡೆಂಡ್ರೈಟಿಕ್ ಕೋಶಗಳು ಕೆಚ್ಚಲಿನ ಹಿಂಭಾಗದ ಮೇಲೆ ಇರುವ ದುಗ್ಧರಸ ಗ್ರಂಥಿಗೆ ಹೋಗುತ್ತವೆ. ಅಲ್ಲಿ ಆ ತುಣುಕಿಗೆ ಸರಿಹೊಂದುವ ಟಿ-ಕಣ ಎಂಬ ಲಿಂಫೋಸೈಟ್ ಸಿಗಬೇಕು. ಸಿಕ್ಕರೂ ತುಣುಕೊಂದನ್ನೇ ತೋರಿಸಿದರೆ ಅದು ಏಳುವುದಿಲ್ಲ. ಜೊತೆಗೆ ಎರಡನೇ ಸಂಕೇತ ಬೇಕು, 'ಇದು ನಿಜವಾದ ಅಪಾಯ' ಎಂಬ ಖಾತ್ರಿಯಂಥದು. ಎರಡೂ ಸಿಕ್ಕಾಗ ಇಂಟರ್‌ಲ್ಯೂಕಿನ್-2 ಸುರಿಸುತ್ತಾ ಅದು ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತದೆ. ಅದರ ನೆರವಿನಿಂದ ಬಿ-ಕಣ ಎಂಬ ಇನ್ನೊಂದು ಬಗೆಯ ಲಿಂಫೋಸೈಟ್ ಪ್ರತಿಕಾಯ ತಯಾರಿಸುತ್ತದೆ. ಇಷ್ಟಕ್ಕೆ ಐದಾರು ದಿನ ಬೇಕು. ದನದಲ್ಲಿ ಐಜಿಎಂ ಮತ್ತು ಐಜಿಜಿ-2 ಎಂಬ ಪ್ರತಿಕಾಯಗಳು ಬ್ಯಾಕ್ಟೀರಿಯಾದ ಮೈಗೆ ಹತ್ತಿಕೊಂಡು ನ್ಯೂಟ್ರೋಫಿಲ್ ಅದನ್ನು ಸುಲಭವಾಗಿ ನುಂಗುವಂತೆ ಮಾಡುತ್ತವೆ. ಗಾಜಿನ ಪಟ್ಟಿಯಲ್ಲಿ ಇಂಥ ಎಚ್ಚೆತ್ತ ಲಿಂಫೋಸೈಟ್ ದೊಡ್ಡದಾಗಿ, ಕಡುನೀಲಿ ಅಂಚಿನಿಂದ ಕಾಣುತ್ತದೆ. ವರದಿಯಲ್ಲಿ 'ರಿಯಾಕ್ಟಿವ್ ಲಿಂಫೋಸೈಟ್' ಎಂದು ಬರೆದಿದ್ದರೆ ಗಾಬರಿಯಾಗಬೇಡಿ.

ಸ್ಟೀರಾಯ್ಡ್, ಪೌಡರ್

ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿದ ಮರುದಿನ ಆಕಳು ಎದ್ದು ಮೇವು ತಿನ್ನುವುದು ನಿಜ. ನಿಮ್ಮ ಬಾಜೂ ಮನೆಯವರು ಕಂಡದ್ದನ್ನೇ ಹೇಳಿದ್ದಾರೆ. ರಕ್ತದ ವರದಿಯೂ ಚೆಂದವಾಗುತ್ತದೆ, ನ್ಯೂಟ್ರೋಫಿಲ್ ಏರುತ್ತದೆ. ಏರುವುದೇಕೆ? ಸ್ಟೀರಾಯ್ಡ್ ಆ ಎಲ್-ಸೆಲೆಕ್ಟಿನ್, ಸಿಡಿ-18 ಕೊಂಡಿಗಳನ್ನು ಕಡಿಮೆ ಮಾಡುತ್ತದೆ. ಕಣಗಳು ಗೋಡೆಗೆ ಅಂಟಲಾರದೆ ರಕ್ತದಲ್ಲೇ ಸುತ್ತುತ್ತವೆ, ಕೆಚ್ಚಲಿಗೆ ಇಳಿಯುವುದಿಲ್ಲ. ಲಿಂಫೋಸೈಟ್ ಇಳಿಯುತ್ತದೆ. ಮೇಲೆ ಹೇಳಿದ ಓಣಿಯ ಮಾತಿಗೆ ಇದು ಉಲ್ಟಾ: ಓಣಿ ತುಂಬ ಜನ, ಬಣವೆ ಹತ್ತಿರ ಯಾರೂ ಇಲ್ಲ. ಈಯುವ ಹೊತ್ತಿಗೆ ಆಕಳಿನ ಮೈಯಲ್ಲೇ ಕಾರ್ಟಿಸೋಲ್ ಎಂಬ ಸ್ವಂತ ಸ್ಟೀರಾಯ್ಡ್ ಏರಿ ಇದೇ ಪರಿಣಾಮ ಸ್ವಲ್ಪ ಮಟ್ಟಿಗೆ ಆಗಿರುತ್ತದೆ. ಈದ ಸುತ್ತಮುತ್ತ ಬಾವು ಹೆಚ್ಚು ಬರುವುದು ಅದಕ್ಕೂ ಹೌದು. ಅದರ ಮೇಲೆ ಹೊರಗಿನಿಂದ ಇನ್ನಷ್ಟು ಸುರಿಯಬಾರದು. ಎಂಡೋಟಾಕ್ಸಿನ್ ಆಘಾತದ ಮೊದಲ ಗಂಟೆಗಳಲ್ಲಿ ಕೆಲವು ಡಾಕ್ಟರುಗಳು ಒಂದು ಸಲ ಕೊಡುವುದುಂಟು, ಅದು ಅವರ ನಿರ್ಧಾರ. ಐದನೇ ದಿನ, ಜ್ವರ ಇಳಿಯುತ್ತಿರುವ ಆಕಳಿಗೆ ಅದರ ಕೆಲಸವಿಲ್ಲ. ಗಬ್ಬದ ಆಕಳಿಗೆ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಕಂದು ಹಾಕಿಸುವ ಅಪಾಯವೂ ಇದೆ.

ಬಾವು ಇಳಿಸಲು ಮೆಲಾಕ್ಸಿಕ್ಯಾಂ ಕೆಜಿ ತೂಕಕ್ಕೆ 0.5 ಮಿ.ಗ್ರಾಂ., ಅಂದರೆ ನಿಮ್ಮ ಆಕಳಿಗೆ ಸುಮಾರು 225 ಮಿ.ಗ್ರಾಂ. ಒಂದೇ ಬಾರಿ, ಅಥವಾ ಫ್ಲುನಿಕ್ಸಿನ್ ಕೆಜಿಗೆ 2.2 ಮಿ.ಗ್ರಾಂ. ಇವು ಜ್ವರ, ನೋವು ತಗ್ಗಿಸುತ್ತವೆ, ಕಣಗಳ ದಾರಿಯನ್ನು ಸ್ಟೀರಾಯ್ಡಿನಂತೆ ಕಟ್ಟುವುದಿಲ್ಲ. ಎರಡನ್ನೂ ಒಟ್ಟಿಗೆ ಕೊಡಬಾರದು. ನಿರ್ಜಲವಾದ ಆಕಳಿಗೆ ಮೂತ್ರಪಿಂಡ ಕೆಡುವ ಭಯವಿದೆ, ಮೊದಲು ನೀರು ಒದಗಿಸಬೇಕು. ದನಗಳಿಗೆ ಡೈಕ್ಲೋಫೆನಾಕ್ 2006ರಿಂದಲೂ, ಕೀಟೋಪ್ರೊಫೇನ್ ಮತ್ತು ಅಸಿಕ್ಲೋಫೆನಾಕ್ 2023ರಿಂದಲೂ ನಿಷೇಧವಾಗಿವೆ, ಸತ್ತ ದನ ತಿಂದ ರಣಹದ್ದುಗಳು ಸಾಯುತ್ತವೆ ಎಂಬ ಕಾರಣಕ್ಕೆ. ಅಂಗಡಿಯಲ್ಲಿ ಕೊಟ್ಟರೂ ತರಬೇಡಿ.

ಪೌಡರಿನ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ: ಈಗ ದುಡ್ಡು ಹಾಕಬೇಡಿ. ನಿಮ್ಮ ಆಕಳಿನ ಕಷ್ಟ ರೋಗನಿರೋಧಕ ಶಕ್ತಿ ಕಡಿಮೆಯಾದದ್ದಲ್ಲ. ಮೊದಲ ದಿನ 105 ಡಿಗ್ರಿ ಜ್ವರ ಬಂದದ್ದೇ ಅದು ಬಲವಾಗಿ ತಿರುಗಿಬಿದ್ದದ್ದಕ್ಕೆ. ಎಂಡೋಟಾಕ್ಸಿನ್ ಬಾವಿನಲ್ಲಿ ಆಕಳನ್ನು ಕೆಡವುವುದು ಎಷ್ಟೋ ಸಲ ಅತಿಯಾದ ಪ್ರತಿಕ್ರಿಯೆಯೇ. ಅದೇ ದುಡ್ಡನ್ನು ಮುಂದಿನ ಸೂಲಿನಲ್ಲಿ ಹಾಲು ಬತ್ತಿಸಿದ ದಿನಗಳಿಗೆ ಇಡಿ. ಆಗ ದಿನಕ್ಕೆ 50 ಗ್ರಾಂ ಒಳ್ಳೆಯ ಖನಿಜ ಮಿಶ್ರಣ, 1,000 ಯೂನಿಟ್ ವಿಟಮಿನ್ ಇ ಕೊಡಿ. ನಮ್ಮ ಕಡೆ ಬೇಸಗೆಯಲ್ಲಿ ಒಣ ಜೋಳದ ಕಣಿಕೆ, ಗೋವಿನಜೋಳದ ದಂಟಿನ ಮೇಲೇ ದನ ಬದುಕುತ್ತವೆ. ಒಣಮೇವಿನಲ್ಲಿ ವಿಟಮಿನ್ ಇ ಉಳಿದಿರುವುದಿಲ್ಲ, ಹಾಗಾಗಿ ಫೆಬ್ರುವರಿಯಿಂದ ಮೇ ತನಕ ಈಯುವ ಆಕಳಿಗೆ ಇದು ಹೆಚ್ಚು ಮುಖ್ಯ. ವಿಟಮಿನ್ ಇ ಮತ್ತು ಸೆಲೆನಿಯಂ, ನ್ಯೂಟ್ರೋಫಿಲ್ ತಾನು ತಯಾರಿಸಿದ ಉರಿಯಿಂದ ತಾನೇ ಸುಟ್ಟುಕೊಳ್ಳದಂತೆ ಕಾಯುತ್ತವೆ. ಆದರೆ ಸೆಲೆನಿಯಂ ಬೇಕಾದದ್ದಕ್ಕೂ ವಿಷವಾಗುವುದಕ್ಕೂ ನಡುವೆ ಅಂತರ ಕಡಿಮೆ. ಖನಿಜ ಮಿಶ್ರಣದ ಜೊತೆಗೆ ಇಂಜೆಕ್ಷನ್ನನ್ನೂ ಮೇಲಿಂದ ಮೇಲೆ ಹಾಕಿಸಬೇಡಿ.

ಈಗ ಮಾಡಬೇಕಾದ್ದು

ಆ್ಯಂಟಿಬಯಾಟಿಕ್ ಕೋರ್ಸನ್ನು ಡಾಕ್ಟರು ಹೇಳಿದ ದಿನದವರೆಗೆ ಮುಗಿಸಿ. ಕೊನೆಯ ಇಂಜೆಕ್ಷನ್ ಆದ ಮೇಲೂ ಲೇಬಲ್ಲಿನಲ್ಲಿ ಬರೆದಷ್ಟು ದಿನ ನಾಲ್ಕೂ ಮೊಲೆಯ ಹಾಲನ್ನು ಡೇರಿಗೆ ಹಾಕಬೇಡಿ. ಗುಣವಾಗದಿದ್ದರೆ ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡುವ ಹಾಲಿನ ಕಲ್ಚರ್ ಮಾಡಿಸಬೇಕು: ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಮೂರು ನಾಲ್ಕು ಹಿಂಡು ಚೆಲ್ಲಿ, ಕ್ರಿಮಿಶುದ್ಧ ಸೀಸೆಯಲ್ಲಿ 5ರಿಂದ 10 ಮಿ.ಲೀ. ಹಿಡಿದು ಮಂಜುಗಡ್ಡೆ ಜೊತೆ ಕಳಿಸಿ. ರೋಗದ ಮೊಲೆಯನ್ನು ಕೊನೆಗೆ ಹಿಂಡಿ, ಪಾತ್ರೆಗೆ ಹಿಂಡಿ ದೂರ ಚೆಲ್ಲಿ. ನೆಲಕ್ಕೆ ಹಿಂಡಿದರೆ ಮುಂದಿನ ಆಕಳಿಗೆ ನೀವೇ ಬಿತ್ತಿದಂತೆ.

ಒಂದು ವಾರ ಬಿಟ್ಟು ರಕ್ತ ಇನ್ನೊಮ್ಮೆ ನೋಡಿಸುವುದಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ನೇರಳೆ ಮುಚ್ಚಳದ ಇಡಿಟಿಎ ಸೀಸೆಯಲ್ಲಿ ಗುರುತಿನ ತನಕ ರಕ್ತ ತುಂಬಿ, ಎಂಟು ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಕುಲುಕಬೇಡಿ. ಲೇಪವನ್ನು ಅಲ್ಲೇ ದನದ ಪಕ್ಕದಲ್ಲೇ ತಯಾರಿಸುವುದು ಉತ್ತಮ. ಬಿಸಿಲಲ್ಲಿ ಬೈಕಿನ ಡಿಕ್ಕಿಯೊಳಗೆ ಎರಡು ತಾಸು ಕೂತ ರಕ್ತದಲ್ಲಿ ಕಣಗಳ ಆಕಾರ ಕೆಟ್ಟಿರುತ್ತದೆ. ಜೊತೆಗೆ, ಬಾವಿದ್ದಾಗ ರಕ್ತದಲ್ಲಿ ಏರುವ ಫೈಬ್ರಿನೋಜನ್ ಎಂಬ ಪ್ರೋಟೀನಿನ ಪರೀಕ್ಷೆ ಕೇಳಿ. ದನದಲ್ಲಿ ಇದು ಸಾಮಾನ್ಯವಾಗಿ 100 ಮಿ.ಲೀ.ಗೆ 300ರಿಂದ 700 ಮಿ.ಗ್ರಾಂ. ಇರುತ್ತದೆ, 1,000 ದಾಟಿದರೆ ಒಳಗೆ ಬಾವು ಇನ್ನೂ ಇದೆ ಎಂದರ್ಥ. ಬಿಳಿ ಕಣ ಸುಮ್ಮನಿದ್ದಾಗಲೂ ಇದು ಸುಳಿವು ಕೊಡುತ್ತದೆ. ಪರೀಕ್ಷೆಯೂ ಸುಲಭ: ಎರಡು ಸಣ್ಣ ನಳಿಕೆಗಳಲ್ಲಿ ಒಂದನ್ನು 56 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೂರು ನಿಮಿಷ ಕಾಯಿಸಿ, ಎರಡರ ಪ್ರೋಟೀನ್ ವ್ಯತ್ಯಾಸ ನೋಡುವುದು.

ಆ ಲೇಪದಲ್ಲೇ ಇನ್ನೊಂದನ್ನು ನೋಡಿಸಿ, ಇದನ್ನು ಮರೆಯಬೇಡಿ. ಮಿಶ್ರತಳಿ ಆಕಳಿಗೆ ಜ್ವರ ಬಂದು ಬಿಳಿ ಕಣ ಇಳಿದಿದ್ದರೆ ಥೈಲೇರಿಯಾ ಇರಬಹುದು. ಉಣ್ಣಿ ತರುವ ಈ ಪರಾವಲಂಬಿ ಬಿಳಿ ಕಣದೊಳಗೇ ಹೊಕ್ಕು, ಶತ್ರುವೇ ಇಲ್ಲದೆ ಅದನ್ನು ಎಚ್ಚರಿಸಿ ಒಡೆಯುತ್ತಲೇ ಇರುವಂತೆ ಮಾಡುತ್ತದೆ. ಪ್ರತಿ ಒಡೆತದಲ್ಲೂ ತಾನೂ ಹಂಚಿಹೋಗುತ್ತದೆ. ಭುಜದ ಮುಂದಿನ ಗ್ರಂಥಿ ಲಿಂಬೆಹಣ್ಣಿಗಿಂತ ದಪ್ಪವಾಗಿದೆಯೇ, ಕಣ್ಣಿನ ಒಳರೆಪ್ಪೆ ಬಿಳಚಿದೆಯೇ ನೋಡಿ. ಇದ್ದರೆ ಬುಪಾರ್ವಕ್ವೋನ್ ಕೆಜಿಗೆ 2.5 ಮಿ.ಗ್ರಾಂ. ಬೇಕಾಗುತ್ತದೆ, ಕೆಚ್ಚಲಿಗೆ ಕೊಟ್ಟ ಆ್ಯಂಟಿಬಯಾಟಿಕ್ ಇದಕ್ಕೆ ಸಾಲದು. ನಿಮ್ಮ ಆಕಳು ಚೇತರಿಸುತ್ತಿರುವುದರಿಂದ ಇದರ ಸಂಭವ ಕಡಿಮೆ, ಆದರೂ ನೋಡಿಸುವುದು ಲೇಸು.

ಜ್ವರ ಮತ್ತೆ 104 ದಾಟಿದರೆ, ಅಥವಾ ಇನ್ನೂ ಕೆಟ್ಟ ಗುರುತಾಗಿ 100ಕ್ಕಿಂತ ಕೆಳಗಿಳಿದು ಕಿವಿ ತಣ್ಣಗಾದರೆ, ಮೊಲೆ ನೀಲಿಗಟ್ಟಿ ತಂಪಾದರೆ, ಆಕಳು ನೆಲಬಿಟ್ಟು ಏಳದಿದ್ದರೆ ಮರುದಿನಕ್ಕೆ ಕಾಯಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಲಸಿಕೆಯನ್ನು ಈ ಒಂದು ಆಕಳಿಗೆ ಮಾತ್ರ ಮುಂದೂಡಿ. ಉಳಿದ ಆಕಳು, ಎಮ್ಮೆ, ಎತ್ತುಗಳಿಗೆ ಅಂದೇ ಹಾಕಿಸಿ. ಲಸಿಕೆ ಎಂದರೆ ಮೇಲೆ ಹೇಳಿದ ಟಿ-ಕಣ, ಬಿ-ಕಣಗಳ ಕೆಲಸವನ್ನು ರೋಗವಿಲ್ಲದೆ ಮಾಡಿಸುವುದು. ಜ್ವರದಲ್ಲಿರುವ, ಸರಿಯಾಗಿ ಮೇಯದ ಆಕಳಿನಲ್ಲಿ ಆ ಕೆಲಸ ಅರೆಬರೆಯಾಗುತ್ತದೆ. ಸ್ಟೀರಾಯ್ಡ್ ಹಾಕಿಸಿದ್ದರಂತೂ ಇನ್ನೂ ಕೆಡುತ್ತದೆ. ಜ್ವರ ಪೂರ್ತಿ ಬಿಟ್ಟು, ಮೇವಿಗೆ ಮರಳಿ ಎರಡು ಮೂರು ವಾರ ಆದ ಮೇಲೆ ಹಾಕಿಸಿ. ಲಸಿಕೆ ಹಾಕುವವರ ಹತ್ತಿರ ಈ ಆಕಳಿನ ಕಿವಿಯೋಲೆ ಸಂಖ್ಯೆ ಬರೆಸಿ, ಬಿಟ್ಟುಹೋಗಬಾರದು. ಲಸಿಕೆ ಹಾಕಿದ ಮೇಲೆ ಒಂದೆರಡು ದಿನ ಮೈ ಬಿಸಿಯಾಗಿ ಹಾಲು ಇಳಿಯುವುದು ಅದೇ ಇಂಟರ್‌ಲ್ಯೂಕಿನ್‌ಗಳ ಕೆಲಸ, ಮತ್ತೆ ಏರುತ್ತದೆ. ಆ ಹೆದರಿಕೆಗೆ ಬಹಳ ಮಂದಿ ಹಾಲು ಕರೆಯುವ ಆಕಳನ್ನು ಬಚ್ಚಿಡುತ್ತಾರೆ. ಕಾಲುಬಾಯಿ ಬೇನೆ ಬಂದರೆ ಹೋಗುವ ಹಾಲಿನ ಮುಂದೆ ಅದು ಲೆಕ್ಕಕ್ಕಿಲ್ಲ. ಬಾಟಲಿ ಮಂಜುಗಡ್ಡೆ ಪೆಟ್ಟಿಗೆಯಲ್ಲೇ ಬಂದಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. 2ರಿಂದ 8 ಡಿಗ್ರಿಯಲ್ಲಿ ಇಡದ ಲಸಿಕೆ ಟಿ-ಕಣವನ್ನು ಎಬ್ಬಿಸುವುದಿಲ್ಲ.

ಕರುವಿಗೆ ಈ ಹಾಲು ಬೇಡ. ಆ್ಯಂಟಿಬಯಾಟಿಕ್ ನಾಲ್ಕೂ ಮೊಲೆಗೆ ಇಳಿದಿರುತ್ತದೆ. ಇನ್ನೊಂದು ಆಕಳಿನ ಹಾಲನ್ನು ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 35 ಕೆಜಿ ಕರುವಿಗೆ ದಿನಕ್ಕೆ ಮೂರೂವರೆ ಲೀಟರ್, ಎರಡು ಹೊತ್ತು ಹಂಚಿ ಕುಡಿಸಿ. ಅದಕ್ಕೆ ಹುಟ್ಟಿದ ದಿನ ಗಿಣ್ಣ ಎಷ್ಟು ಸಿಕ್ಕಿತ್ತು ಎಂದು ನೀವು ಬರೆದಿಲ್ಲ. ಕರು ತಾಯಿಯ ಹೊಟ್ಟೆಯಲ್ಲಿದ್ದಾಗ ಪ್ರತಿಕಾಯ ಪಡೆಯುವುದಿಲ್ಲ, ಎಲ್ಲವೂ ಗಿಣ್ಣದಿಂದಲೇ ಬರಬೇಕು, ಅದೂ ಕರುಳು ಮುಚ್ಚಿಕೊಳ್ಳುವ ಮೊದಲ 24 ಗಂಟೆಯೊಳಗೆ. ಓಣಿಯ ಮನೆಮನೆಗೆ ಗಿಣ್ಣ ಹಂಚುವುದು ಚೆಂದದ ಪದ್ಧತಿ, ಕರು ಮೊದಲ ಎರಡು ತಾಸಿನಲ್ಲಿ ಮೂರು ಲೀಟರ್ ಕುಡಿದ ಮೇಲೆ ಹಂಚಿ. ಈ ಕರುವಿಗೆ ಕಡಿಮೆ ಸಿಕ್ಕಿದ್ದರೆ ಮೊದಲ ಎರಡು ತಿಂಗಳು ಭೇದಿ, ಕೆಮ್ಮಿನ ಮೇಲೆ ಕಣ್ಣಿಡಿ. ನಾಲ್ಕು ತಿಂಗಳಿಗೆ ಕಾಲುಬಾಯಿ ಬೇನೆಯ ಮೊದಲ ಲಸಿಕೆ, ಒಂದು ತಿಂಗಳ ಮೇಲೆ ಎರಡನೆಯದು, ಆಮೇಲೆ ಆರು ತಿಂಗಳಿಗೊಮ್ಮೆ. ಹೆಣ್ಣುಗರುವಾದರೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರುಸೆಲ್ಲಾ ಲಸಿಕೆ, ಒಂದೇ ಬಾರಿ.